ಮೀನುಸಾರಿನ ಕಲೆ ಬಿದ್ದ ಕಾರ್ಡು

ಈ ವರ್ಷ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಶಿಕ್ಷಕಿಯರು ಮೊನ್ನೆ ಕಾರವಾರದ ನಮ್ಮ ಮನೆಗೆ ಬಂದಿದ್ದರು. ಇಬ್ಬರ ಕೈಯಲ್ಲೂ ಹೊಸ ನೋಟುಪುಸ್ತಕ. "ಒಂದನೇ ತರಗತಿಯ ಮಕ್ಕಳಿಗೆ ಶಬ್ದ ಗುರುತಿಸಲು ಕಲಿಸುವುದರಲ್ಲಿ ನಿಮ್ಮ ಹೆಸರು ದೊಡ್ಡದಂತೆ ಮೇಡಂ, ನಿಮ್ಮ ಉಪಾಯ ಹೇಳಿಕೊಡಿ" ಎಂದರು. ಹೊಗಳಿದವರಿಗೆ ನಿಜ ಹೇಳುವುದು ಕಷ್ಟ. ಅವಲಕ್ಕಿ, ಚಹಾ ಕೊಟ್ಟು, ಮಕ್ಕಳನ್ನು ಪ್ರೀತಿಸಬೇಕು, ತಾಳ್ಮೆ ಇರಬೇಕು ಎಂದು ಯಾರು ಬೇಕಾದರೂ ಹೇಳಬಹುದಾದ ನಾಲ್ಕು ಮಾತು ಹೇಳಿ ಕಳಿಸಿದೆ. ಅವರು ಅದನ್ನೂ ಬರೆದುಕೊಂಡು ಹೋದರು. ಆಮೇಲೆ ಮನಸ್ಸಿಗೆ ಪಿಚ್ಚೆನಿಸಿತು. ಅವತ್ತು ಹೇಳದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಡ್ತಿ ಯಾವಾಗ ಸಿಕ್ಕಿತು, ಶಾಲು ಯಾರು ಹೊದಿಸಿದರು ಎಂಬುದೆಲ್ಲ ಇದರಲ್ಲಿ ಬರುವುದಿಲ್ಲ. ಶಾಲುಗಳು ಅಟ್ಟದ ಮೇಲಿವೆ. ಅದರಲ್ಲಿ ಎರಡನ್ನು ನಮ್ಮ ಬೆಕ್ಕು ಮರಿ ಹಾಕಲು ಆರಿಸಿಕೊಂಡಿತು, ಅವು ಸಾರ್ಥಕವಾದವು.

ನನ್ನ ಮೊದಲ ಶಾಲೆ ಕದ್ರಾದಿಂದ ಒಂದಷ್ಟು ಒಳಗಿತ್ತು. ಅರ್ಧ ಮಕ್ಕಳು ಅಣೆಕಟ್ಟಿನಲ್ಲಿ ಕೆಲಸ ಮಾಡುವವರ ಮನೆಯವರು, ಅರ್ಧ ಗದ್ದೆ ಮಾಡುವವರ ಮನೆಯವರು. ಹೆಡ್‌ಮಾಸ್ತರರ ಹೆಸರು ವಿಠ್ಠಲ ಮಾಸ್ತರು. ಗೋಡೆಗೆ ನೇತುಹಾಕಿದ ವರ್ಣಮಾಲೆಯ ತಖ್ತೆಯ ಮೇಲೆ ಬಿದಿರುಕೋಲು ಆಡಿಸುತ್ತ "ಅ ಅರಸ, ಆ ಆನೆ" ಎಂದು ಹೇಳಿಸುವುದೇ ಅವರ ವಿದ್ಯಾದಾನ. ಒಮ್ಮೆ ತಪಾಸಣೆಗೆ ಸಾಹೇಬರು ಬಂದರು. ಮಾಸ್ತರು ತಖ್ತೆಯನ್ನು ತಿರುಗಿಸಿ, ಅದರ ಮುಖ ಗೋಡೆಗೆ ಮಾಡಿ, ಬೋಳು ಬೆನ್ನಿನ ಮೇಲೆ ಕೋಲು ಆಡಿಸಿದರು. ಮಕ್ಕಳು ಒಂದಕ್ಷರ ಬಿಡದೆ ಒದರಿದರು.

"ನೋಡಿದ್ರಾ ಸಾಹೇಬ್ರೆ? ನನ್ನ ಮಕ್ಕಳು ನೋಡದೇ ಓದ್ತಾವೆ!" ಎಂದರು ಮಾಸ್ತರು.

ಸಾಹೇಬರು ತಲೆದೂಗಿ, ಶೆರಾ ಪುಸ್ತಕದಲ್ಲಿ "ಅತ್ಯುತ್ತಮ" ಎಂದು ಬರೆದು ಹೋದರು. ನಾನು ಶಾಲೆಯ ಹಿಂದೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಇಂಥವರಿಂದಲೇ ಶಾಲೆಗಳು ಹಾಳಾಗುವುದು ಎಂದು ಮನೆಗೆ ಬಂದು ಗಂಡನಿಗೆ ಭಾಷಣ ಬಿಗಿದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದರಂತೆ ಎಂಬ ಗಾದೆ ಗೊತ್ತಲ್ಲ. ನನ್ನ ಎಲೆಗೆ ಹೆಗ್ಗಣ ಬೀಳುವುದಕ್ಕೆ ಇನ್ನೂ ಹಲವು ವರ್ಷ ಇದ್ದವು, ಅಷ್ಟೇ ವ್ಯತ್ಯಾಸ.

ಆಮೇಲೆ ತರಬೇತಿಗಳ ಕಾಲ ಬಂತು. ಹೋದ ಬೇಸಿಗೆಯಲ್ಲಿ ಕಲಿಸಿದ್ದೆಲ್ಲ ತಪ್ಪು ಎಂದು ಈ ಬೇಸಿಗೆಯಲ್ಲಿ ಕಲಿಸುತ್ತಿದ್ದರು. ಹೇಳುವವರು ಮಾತ್ರ ಅವರೇ, ತಿನ್ನಲು ಕೊಡುವ ಉಪ್ಪಿಟ್ಟೂ ಅದೇ. ಒಂದು ವರ್ಷ ಅಕ್ಷರ ಮೊದಲು, ಶಬ್ದ ಆಮೇಲೆ. ಇನ್ನೊಂದು ವರ್ಷ ಶಬ್ದ ಮೊದಲು, ಅಕ್ಷರ ತಾನಾಗಿಯೇ ಬರುತ್ತದೆ. ಮತ್ತೊಂದು ವರ್ಷ ಅಕ್ಷರವೂ ಬೇಡ, ಶಬ್ದವೂ ಬೇಡ, ಮಕ್ಕಳ ಜೊತೆ ಕುಣಿಯಿರಿ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮಾಸ್ತರರೊಬ್ಬರು ಕಪ್ಪೆಯ ಹಾಡಿಗೆ ಕುಪ್ಪಳಿಸಲು ಹೋಗಿ ಸೊಂಟ ಹಿಡಿದು ಕುಳಿತದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರ ಹಾಜರಿಯನ್ನು ಮಾತ್ರ ಪೂರ್ತಿ ಐದು ದಿನವೂ ಬರೆದುಕೊಂಡರು.

ಅರ್ಗಾದ ಬದಿಯಲ್ಲಿ ಇದ್ದಾಗಿನ ನನ್ನದೇ ಒಂದು ಬುದ್ಧಿವಂತಿಕೆಯನ್ನೂ ಹೇಳಿಬಿಡುತ್ತೇನೆ. ನೌಕಾನೆಲೆಯ ಬೇಲಿ ಶಾಲೆಗೆ ಹತ್ತಿರವೇ ಇತ್ತು. ಆ ಊರಿನ ಎಷ್ಟೋ ಅಪ್ಪಂದಿರು ಒಳಗೆ ಕೂಲಿಗೆ ಹೋಗುವವರು. "ಗ ಅಕ್ಷರದಿಂದ ಶುರುವಾಗುವ ಒಂದು ಶಬ್ದ ಹೇಳು" ಎಂದು ಒಬ್ಬಳನ್ನು ಕೇಳಿದೆ. "ಗೇಟ್‌ಪಾಸ್" ಎಂದಳು. ಪುಸ್ತಕದಲ್ಲಿ ಇದ್ದದ್ದು ಗಡಿಯಾರ. ತಪ್ಪು ಎಂದು ಕೂರಿಸಿದೆ. ಅಪ್ಪ ಬೆಳಿಗ್ಗೆ ಆ ಪಾಸು ಮರೆತು ಹೋದರೆ ಆ ಮನೆಯಲ್ಲಿ ಅವತ್ತಿನ ಕೂಲಿಯೇ ಇಲ್ಲ. ಅವಳ ಮನೆಯ ಗೋಡೆಯಲ್ಲಿ ಗಡಿಯಾರ ಇರಲಿಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. ಮಗುವಿಗೆ ಗೊತ್ತಿರುವ ಶಬ್ದವನ್ನು ತಪ್ಪು ಎನ್ನುವುದು, ಗೊತ್ತಿಲ್ಲದ ಶಬ್ದವನ್ನು ಸರಿ ಎಂದು ಬಾಯಿಪಾಠ ಮಾಡಿಸುವುದು, ಇದಕ್ಕೇ ನಮಗೆ ಸಂಬಳ ಕೊಡುತ್ತಿದ್ದರು.

ಇದರಿಂದ ನನಗೊಂದು ಜ್ಞಾನೋದಯವಾಯಿತು. ಅಂಕೋಲಾ ತಾಲೂಕಿನ ಕಡಲದಂಡೆಯ ಒಂದು ಶಾಲೆಗೆ ವರ್ಗವಾಗಿ ಬಂದೊಡನೆ, ಮೇಲಿನವರು ಕೊಟ್ಟ ಕಾರ್ಡುಗಳನ್ನು ಕಪಾಟಿಗೆ ಹಾಕಿ ನಾನೇ ಅರವತ್ತು ಕಾರ್ಡು ಮಾಡಿದೆ. ಮದುವೆಯ ಕರೆಯೋಲೆಗಳ ಖಾಲಿ ಬೆನ್ನಿನ ಮೇಲೆ ದಪ್ಪ ಅಕ್ಷರದಲ್ಲಿ ಬಲೆ, ದೋಣಿ, ಉಪ್ಪು, ಗಾಳಿ, ಮಳೆ, ಮರಳು, ಬಂಗಡೆ, ಸಿಗಡಿಗೆ ಆ ಕಡೆ ಹೇಳುವ ಶೆಟ್ಲಿ. ಚಿತ್ರವಿಲ್ಲ. ಚಿತ್ರ ನೋಡಿ ಹೇಳುವುದು ಓದುವುದಲ್ಲ ಎಂದು ತರಬೇತಿಯಲ್ಲಿ ವಾದ ಮಾಡಿದವಳು ನಾನು. ಶನಿವಾರ ಮಕ್ಕಳು ಪಾಳಿಯ ಮೇಲೆ ಐದೈದು ಕಾರ್ಡು ಮನೆಗೆ ಒಯ್ಯಬೇಕು, ಸೋಮವಾರ ತರಬೇಕು. ಬಹುತೇಕ ಮೀನುಗಾರರ ಮನೆಗಳು, ಮನೆಮಾತು ಕೊಂಕಣಿ. ಕಾರ್ಡು ಮನೆಗೆ ಹೋದರೆ ಕನ್ನಡವೂ ಮನೆಗೆ ಹೋಗುತ್ತದೆ ಎಂದು ನನ್ನ ಲೆಕ್ಕ.

ಲೆಕ್ಕ ಫಲಿಸಿತು. ದೀಪಾವಳಿಯ ರಜೆ ಮುಗಿಯುವ ಹೊತ್ತಿಗೆ ಒಂದನೇ ತರಗತಿಯ ಹದಿನಾಲ್ಕು ಮಕ್ಕಳಲ್ಲಿ ಹದಿಮೂರು ಮಂದಿ ಅರವತ್ತೂ ಶಬ್ದಗಳನ್ನು ಅರಳು ಹುರಿದಂತೆ ಹೇಳುತ್ತಿದ್ದರು. ಕಾರ್ಡು ಪೂರ್ತಿ ಎತ್ತುವ ಮೊದಲೇ ಉತ್ತರ ಬರುತ್ತಿತ್ತು. ಸುದ್ದಿ ಹಬ್ಬಿತು. ಬೇರೆ ಶಾಲೆಯವರು ನೋಡಲು ಬಂದರು, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಗುಂಪುಗಳಿಗೆ ಹಾಕಿದರು. ನನ್ನನ್ನು ಕಾರವಾರಕ್ಕೆ ಕರೆಸಿ ಭಾಷಣ ಮಾಡಿಸಿದರು. ತಲೆಯ ಮೇಲೆ ಎರಡು ಕೊಂಬು ಮೂಡಿದವು. ಬಸ್ಸಿನಲ್ಲಿ ಕೂಡ ನಾನು ಸ್ವಲ್ಪ ನೆಟ್ಟಗೆ ಕೂರುತ್ತಿದ್ದೆ.

ಹದಿನಾಲ್ಕನೆಯವಳು ರೇವತಿ. ಅವಳ ತಾಯಿ ನಾಗವೇಣಿ ಬುಟ್ಟಿ ಹೊತ್ತು ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವವಳು. ರೇವತಿಯ ಮುಂದೆ ಕಾರ್ಡು ಹಿಡಿದರೆ ಅವಳು ಅದನ್ನು ನೋಡುತ್ತಲೇ ಇರುತ್ತಿದ್ದಳು. ತುಟಿ ಅಲುಗುತ್ತಿತ್ತು, ಶಬ್ದ ಬರುತ್ತಿರಲಿಲ್ಲ. ಅಷ್ಟರಲ್ಲಿ ಉಳಿದವರು ಕೂಗಿ ಮುಗಿಸುತ್ತಿದ್ದರು. ಒಂದು ಸಲ ಕಾರ್ಡು ಕಳೆದುಕೊಂಡು ಬಂದಳು ಎಂದು ಅವಳಿಗೆ ಮನೆಗೆ ಕೊಡುವುದನ್ನೂ ನಿಲ್ಲಿಸಿದೆ. ಹಿಂದಿನ ಸಾಲಿಗೆ ಕೂರಿಸಿದೆ. ಯಾರಾದರೂ ದೊಡ್ಡವರು ನೋಡಲು ಬರುವ ದಿನ "ರೇವತಿ, ನೀನು ಹೋಗಿ ಅಂಗನವಾಡಿ ಮಕ್ಕಳನ್ನು ನೋಡ್ಕೊ" ಎಂದು ಪಕ್ಕದ ಅಂಗನವಾಡಿಗೆ ಕಳಿಸುತ್ತಿದ್ದೆ. ನನ್ನ ಹದಿಮೂರಕ್ಕೆ ಹದಿಮೂರು ಕೆಡಬಾರದಲ್ಲ! ಆರು ವರ್ಷದ ಮಗು. ಹೇಳಿದ ಕೂಡಲೇ ಎದ್ದು ಹೋಗುತ್ತಿದ್ದಳು.

ಜನವರಿಯಲ್ಲಿ ನಾಗವೇಣಿಯನ್ನು ಕರೆಸಿದೆ. ಮಗಳು ಅವಳ ಪಕ್ಕದಲ್ಲೇ ನಿಂತಿದ್ದಳು, ತರಗತಿಯ ಮಕ್ಕಳೆಲ್ಲ ಕೇಳುತ್ತಿದ್ದರು.

"ನಾಗವೇಣಿ, ಇವಳಿಗೆ ತಲೆಗೆ ಹತ್ತುದಿಲ್ಲ. ಡಾಕ್ಟ್ರಿಗೆ ತೋರಿಸ್ಬೇಕು. ಒಂದು ಫಾರ್ಮ್ ಅದೆ, ನೀನು ಸಹಿ ಮಾಡು" ಎಂದೆ.

"ಮನೇಲಿ ಸಮಾ ಇರ್ತದಲ್ಲ ಅಕ್ಕೋರೆ. ನಾನು ಬುಟ್ಟಿ ಇಳ್ಸುದ್ರೊಳಗೆ ಎಷ್ಟು ಮೀನು ಉಳದದೆ ಹೇಳ್ತದೆ."

"ಅದು ಬೇರೆ, ಓದುದು ಬೇರೆ."

ನಾಗವೇಣಿ ಮಗಳನ್ನು ಒಮ್ಮೆ ನೋಡಿದಳು. "ನೀವು ಕಲ್ತವರು. ನೀವು ಹೇಳ್ದ ಮೇಲೆ ಹೌದೇ ಆಯ್ತು" ಎಂದು ಸಹಿ ಹಾಕಿದಳು. ಆ ಕಾಗದ ಒಮ್ಮೆ ತಾಲೂಕು ಕಚೇರಿಗೆ ಹೋಯಿತೆಂದರೆ ರೇವತಿಯ ಹೆಸರಿನ ಮುಂದೆ "ಬುದ್ಧಿಮಾಂದ್ಯದ ಶಂಕೆ" ಎಂದು ಬೀಳುತ್ತಿತ್ತು. ಮುಂದಿನ ತರಗತಿಗೆ, ಮುಂದಿನ ಶಾಲೆಗೆ ಅದು ಅವಳ ಹಿಂದೆಯೇ ಹೋಗುತ್ತದೆ. ಓದಲಾರದವಳು ಎಂದು ಮೊದಲೇ ಗೊತ್ತಿರುವ ಮಗುವಿನ ಪಕ್ಕದಲ್ಲಿ ಕುಳಿತು ಓದಿಸುವ ಶಿಕ್ಷಕರನ್ನು ನಾನಂತೂ ಹೆಚ್ಚು ಕಂಡಿಲ್ಲ. ನಾನೂ ಕುಳಿತಿರಲಿಲ್ಲ. ಫಾರ್ಮನ್ನು ತುಂಬಿ ಹೆಡ್‌ಮಾಸ್ತರರ ಮೇಜಿನ ಮೇಲೆ ಇಟ್ಟೆ.

ಈ ಶಾಲೆಯ ಹೆಡ್‌ಮಾಸ್ತರು ಸುಭಾಷ ಸರ್. ಒಳ್ಳೆಯ ಮನುಷ್ಯರು, ಸ್ವಚ್ಛತೆಯ ಹುಚ್ಚು. ಚಾಕ್‌ಪೀಸುಗಳನ್ನೂ ಉದ್ದದ ಪ್ರಕಾರ ಜೋಡಿಸಿ ಇಡುವವರು. ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರು ನನ್ನ ಕಾರ್ಡಿನ ಪಾಠ ನೋಡಲು ಬರುತ್ತಾರೆಂದು ಗೊತ್ತಾದಾಗ ಅವರಿಗೆ ನಿದ್ದೆ ಹಾರಿಹೋಯಿತು. ಅಧಿಕಾರಿ ಬರುವ ದಿನ ಬೆಳಿಗ್ಗೆ ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟರು. ಒಳಗೆ ಅರವತ್ತು ಹೊಸ ಕಾರ್ಡು, ಕಾರವಾರದಲ್ಲಿ ಮುದ್ರಿಸಿ ಪ್ಲಾಸ್ಟಿಕ್ ಹೊದಿಸಿದ್ದು, ಮುಖ ಕಾಣುವಷ್ಟು ನುಣುಪು.

"ಅದೇ ಅರವತ್ತು ಶಬ್ದ ಅಕ್ಕೋರೆ. ಸಾಹೇಬ್ರ ಎದುರಿಗೆ ಆ ಹೊಲಸು ಕಾರ್ಡು ಹಿಡೂದು ಚಂದ ಅಲ್ಲ, ನೋಡಿ. ಅದನ್ನೆಲ್ಲಾ ನಾನು ಕಪಾಟಿಗೆ ಹಾಕಿ ಬೀಗ ಹಾಕ್ದೆ."

ನಾನು ಖುಷಿಯಿಂದಲೇ ತೆಗೆದುಕೊಂಡೆ. ಅಷ್ಟರಲ್ಲಿ ಜೀಪು ಬಂತು. ಅಂಗನವಾಡಿಯ ಅಕ್ಕನಿಗೆ ಅವತ್ತು ಅಂಕೋಲೆಯಲ್ಲಿ ಮೀಟಿಂಗು, ಅಂಗನವಾಡಿಗೆ ಬೀಗ. ಹಾಗಾಗಿ ರೇವತಿ ಹಿಂದಿನ ಸಾಲಿನಲ್ಲೇ ಉಳಿದಳು.

ಮೊದಲ ಕಾರ್ಡು ಎತ್ತಿದೆ. ಮಳೆ. ಯಾರೂ ಬಾಯಿ ಬಿಡಲಿಲ್ಲ. ಸಾಹೇಬರ ಹೆದರಿಕೆ ಇರಬೇಕು ಎಂದು ನಗುತ್ತ ಎರಡನೆಯದು ಎತ್ತಿದೆ. ಗಾಳಿ. ಇಲ್ಲ. ಬಲೆ, ಉಪ್ಪು, ದೋಣಿ. ಹದಿಮೂರು ಜೊತೆ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಮುಂದಿನ ಸಾಲಿನ ಚೇತನ, ನನ್ನ ಹುಲಿ, ಎದ್ದು ಬಂದು ಕಾರ್ಡನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ, ಅಂಚು ಮುಟ್ಟಿದ, ಆಮೇಲೆ ಮೂಗಿಗೆ ಹಿಡಿದು ಮೂಸಿದ.

"ಇದು ಯಾವ್ದು ಅಂತ ಗೊತ್ತಾಗುದಿಲ್ಲ ಅಕ್ಕೋರೆ. ಇದ್ರಲ್ಲಿ ಎಂತದೂ ಇಲ್ಲ."

"ಎಂತದೂ ಇಲ್ಲ ಅಂದ್ರೆ? ಅಕ್ಷರ ಅದೆಯಲ್ಲೋ!"

"ಮಳೆಗೆ ಮೀನಸಾರು ಬಿದ್ದದೆ. ಗಾಳಿಗೆ ನಮ್ಮನೆ ನಾಯಿ ಕಚ್ಚಿದ ಗುರ್ತು ಅದೆ. ಉಪ್ಪಿನ ಹಿಂದೆ ಗಣಪತಿ ಅದೆ. ಬಲೆ ಮಡಚ್ಕೊಂಡದೆ. ಇದು ಎಲ್ಲಾ ಒಂದೇ ನಮೂನಿ ಅದೆ" ಎಂದ. ಉಳಿದವರೂ ಹೌದು ಹೌದು ಎಂದು ತಲೆಯಾಡಿಸಿದರು. ಮಕ್ಕಳಿಗೆ ನಾಚಿಕೆಯೇನೂ ಇರಲಿಲ್ಲ. ಗುರುತು ಇಲ್ಲದ ಕಾರ್ಡು ಕೊಟ್ಟು ಕೇಳಿದರೆ ಯಾರು ತಾನೆ ಹೇಳಿಯಾರು ಎಂಬಂತೆ ನನ್ನನ್ನೇ ತಪ್ಪಿತಸ್ಥಳ ಹಾಗೆ ನೋಡಿದರು.

ಶನಿವಾರ ಶನಿವಾರ ಮನೆಗೆ ಹೋದ ಕಾರ್ಡುಗಳು ಊಟದ ಬದಿಯಲ್ಲಿ, ಬಲೆ ಸರಿಮಾಡುವ ಕೈಗಳ ನಡುವೆ, ನಾಯಿಯ ಬಾಯಲ್ಲಿ ಓಡಾಡಿ ಬಂದಿದ್ದವು. ಪ್ರತಿಯೊಂದಕ್ಕೂ ಒಂದು ಕಲೆ, ಒಂದು ಹರಕು, ಒಂದು ವಾಸನೆ. ಅದನ್ನೇ ಅವರು ಓದುತ್ತಿದ್ದದ್ದು. ಅರವತ್ತು ಕಲೆಗಳನ್ನು ನೆನಪಿಟ್ಟುಕೊಳ್ಳುವುದು ಅಕ್ಷರ ಕಲಿಯುವುದಕ್ಕಿಂತ ಕಷ್ಟ, ಆ ಕಷ್ಟವನ್ನು ಅವರು ಪಟ್ಟಿದ್ದರು. ಚಿತ್ರ ನೋಡಿ ಹೇಳುವುದು ಓದಲ್ಲ ಎಂದು ಊರಿಗೆಲ್ಲ ಉಪದೇಶ ಮಾಡಿದವಳ ತರಗತಿ ಸಾರಿನ ಕಲೆ ನೋಡಿ ಹೇಳುತ್ತಿತ್ತು. ವಿಠ್ಠಲ ಮಾಸ್ತರರಾದರೂ ತಿರುಗಿಸಿದ ತಖ್ತೆಯನ್ನು ಮುಚ್ಚುಮರೆಯಿಲ್ಲದೆ ತೋರಿಸಿದ್ದರು.

ಅಧಿಕಾರಿಗೆ ಇದ್ಯಾವುದೂ ಕಿವಿಗೆ ಬೀಳಲಿಲ್ಲ. ಅವರು ಆ ಹೊತ್ತಿಗೆ ಫೋನಿನಲ್ಲಿದ್ದರು. ಮಾತು ಮುಗಿಸಿ ಒಂದು ಕಾರ್ಡು ಎತ್ತಿ ಬೆಳಕಿಗೆ ಹಿಡಿದು ನೋಡಿ, ಶೆರಾ ಪುಸ್ತಕದಲ್ಲಿ "ಕಲಿಕಾ ಸಾಮಗ್ರಿ ಸ್ವಚ್ಛ ಹಾಗೂ ಆಕರ್ಷಕವಾಗಿದೆ" ಎಂದು ಬರೆದು ಊಟಕ್ಕೆ ಹೋದರು. ಸುಭಾಷ ಸರ್ ಮುಖ ಅರಳಿತು.

ಮಕ್ಕಳನ್ನು ಬಿಸಿಯೂಟಕ್ಕೆ ಬಿಟ್ಟು ನಾನು ಕುರ್ಚಿಯಲ್ಲಿ ಕುಸಿದೆ. ಕಾರ್ಡುಗಳು ನೆಲದ ಮೇಲೆ ಹರಡಿ ಬಿದ್ದಿದ್ದವು. "ರೇವತಿ, ಅದನ್ನು ಆರಿಸಿ ಇಡು" ಎಂದು ಊಟಕ್ಕೆ ಹೊರಟಿದ್ದವಳನ್ನು ನಿಲ್ಲಿಸಿದೆ, ಅವಳಿಗೆ ಹೇಳುತ್ತಿದ್ದದ್ದೇ ಇಂಥ ಕೆಲಸ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಅವಳು ಒಂದೇ ಕಟ್ಟು ಮಾಡಿರಲಿಲ್ಲ. ಸಣ್ಣ ಸಣ್ಣ ಗುಂಪು ಮಾಡಿ ಸಾಲಾಗಿ ಇಟ್ಟಿದ್ದಳು. ಒಂದರಲ್ಲಿ ಮಳೆ, ಮರಳು, ಮನೆ, ಮಗು. ಇನ್ನೊಂದರಲ್ಲಿ ಬಲೆ, ಬಂಗಡೆ, ಬಳೆ. ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ಯಾವ ಗುಂಪಿಗೆ ಸೇರಿಸುವುದೆಂದು ಯೋಚಿಸುತ್ತಿದ್ದಳು.

"ಇದೆಂತಕೆ ಹೀಗೆ ಇಟ್ಟೆ?"

ಅವಳು ಬೈಗುಳ ಬರುತ್ತದೆಂದು ಎರಡು ಹೆಜ್ಜೆ ಹಿಂದೆ ಸರಿದಳು. "ಇವಕ್ಕೆಲ್ಲಾ ಮುಂದಿದ್ದು ಒಂದೇ ಅದೆ."

"ಅದು ಎಂತದು, ಓದು."

ತುಟಿ ಅಲುಗಿತು. ನಾನು ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿ ಕಾದೆ. "ಮ... ಳೆ" ಎಂದಳು. ಆಮೇಲೆ "ಮ... ರ... ಳು." ಇಪ್ಪತ್ತೆರಡು ಕಾರ್ಡು ಓದಿದಳು. ಒತ್ತಕ್ಷರ ಇದ್ದದ್ದು ಬರಲಿಲ್ಲ. ಉಪ್ಪನ್ನು ಉಪು ಎಂದಳು. ಹಿಂದಿನ ಸಾಲಿನಿಂದ ಕಲೆಗಳು ಕಾಣುತ್ತಿರಲಿಲ್ಲ, ಕಾರ್ಡು ಮನೆಗೂ ಹೋಗುತ್ತಿರಲಿಲ್ಲ. ದಪ್ಪ ಅಕ್ಷರ ಬಿಟ್ಟು ನೋಡಲು ಅವಳಿಗೆ ಬೇರೇನೂ ಉಳಿದಿರಲಿಲ್ಲ. ಹದಿನಾಲ್ಕು ಮಕ್ಕಳಲ್ಲಿ ಓದುತ್ತಿದ್ದದ್ದು ಇವಳೊಬ್ಬಳೇ, ಅದಕ್ಕೇ ತಡವಾಗುತ್ತಿತ್ತು. ಓದದವರಿಗೆ ನಾನು ಚಪ್ಪಾಳೆ ಹೊಡೆಸಿದ್ದೆ, ಓದುವವಳಿಗೆ ಫಾರ್ಮ್ ತುಂಬಿದ್ದೆ. ನನಗೆ ಅಳು ಬಂತು. ಹುಡುಗಿಗೆ ಗಾಬರಿಯಾಗುತ್ತದೆಂದು ತಡೆದುಕೊಂಡೆ.

ಹೆಡ್‌ಮಾಸ್ತರರ ಕೋಣೆಗೆ ಓಡಿದೆ. ಫಾರ್ಮು ಲಕೋಟೆಯೊಳಗೆ ಸೇರಿತ್ತು, ಅವರು ಅಂಟು ಹಚ್ಚುತ್ತಿದ್ದರು.

"ಅದನ್ನ ಕಳಸ್ಬೇಡಿ ಸರ್. ಆ ಹುಡುಗಿಗೆ ಎಂತದೂ ಆಗ್ಲಿಲ್ಲ, ಓದ್ತದೆ."

"ಹಂಗೆ ಹೇಳಿದ್ರೆ ಹೆಂಗೆ ಅಕ್ಕೋರೆ? ನಿಮ್ಮ ಶಾಲೆಲಿ ಇಂಥ ಮಕ್ಕಳು ಎಷ್ಟು ಅಂತ ತಾಲೂಕು ಕಚೇರಿಯವ್ರು ಫೋನಲ್ಲಿ ಕೇಳಿದ್ರು, ಒಂದು ಅಂತ ಹೇಳ್ಬಿಟ್ಟೆ. ಮೇಲೆ ಒಂದು ಅಂತ ಬರ್ಕೊಂಡಾರೆ. ಈಗ ಒಂದು ಹೆಸ್ರು ಬೇಕಲ್ಲ?"

"ನನ್ನ ಹೆಸರು ಬರೀರಿ" ಎಂದು ಲಕೋಟೆ ಕಿತ್ತುಕೊಂಡು ಹರಿದೆ. ಸುಭಾಷ ಸರ್ ನೆಲದ ಮೇಲೆ ಬಿದ್ದ ಚೂರುಗಳನ್ನು ಒಂದೊಂದಾಗಿ ಆರಿಸಿ ಕಸದ ಬುಟ್ಟಿಗೆ ಹಾಕಿದರು.

ಸಂಜೆ ಬಸ್ಸು ಹಿಡಿಯುವ ಮೊದಲು ಅಂಕೋಲೆಯ ಮೀನುಪೇಟೆಗೆ ಹೋದೆ. ನಾಗವೇಣಿ ಉಳಿದ ಬಂಗಡೆಯ ಮೇಲೆ ನೀರು ಚಿಮುಕಿಸುತ್ತಿದ್ದಳು. ಗಿರಾಕಿಗಳ ನಡುವೆ ನಿಂತು ಎಲ್ಲ ಹೇಳಿದೆ. ಅವಳ ಕಣ್ಣಲ್ಲಿ ನೀರು ಬರುತ್ತದೆ, ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. ಕೊಂಬು ಇನ್ನೂ ಪೂರ್ತಿ ಉದುರಿರಲಿಲ್ಲ ನೋಡಿ.

"ನಂಗೆ ಎಂತಕೆ ಹೇಳ್ತ್ರಿ ಅಕ್ಕೋರೆ?" ಎಂದಳು, ಕೈ ನಿಲ್ಲಿಸದೆ. "ತಲೆಗೆ ಹತ್ತುದಿಲ್ಲ ಅಂತ ಅದ್ರ ಎದ್ರಿಗೇ ಹೇಳಿದ್ರಿ. ಆವತ್ತಿಂದ ಅದು ಮನೇಲಿ ಮೀನು ಲೆಕ್ಕ ಮಾಡುದೂ ಬಿಟ್ಟದೆ. ಕೇಳಿದ್ರೆ ನಂಗೆ ಬರುದಿಲ್ಲ ಆಯಿ ಅಂತದೆ. ಅದ್ರ ಹತ್ರನೇ ಹೇಳಿ ಹೋಗಿ."

ಹೊಸ ಶಿಕ್ಷಕಿಯರೇ, ಆ ರಾತ್ರಿ ಅಡುಗೆ ನಾನು ಹೇಗೆ ಮಾಡಿದೆನೋ ಗೊತ್ತಿಲ್ಲ. ಮರುದಿನ ಹೊಸ ಕಾರ್ಡುಗಳನ್ನು ಮಕ್ಕಳ ಮುಂದೆ ಹರಡಿ, ರೇವತಿಯನ್ನು ಮೆಲ್ಲನೆ ಜಗಲಿಗೆ ಕರೆದೆ. ಯಾರೂ ಕೇಳದಂತೆ ಬಾಗಿ ಕುಳಿತು ಹೇಳಿದೆ. "ರೇವತಿ, ನಿಂಗೆ ಓದುಕೆ ಬರ್ತದೆ. ಬರುದಿಲ್ಲ ಅಂತ ನಾನು ಹೇಳಿದ್ದು ಸುಳ್ಳು. ತಪ್ಪು ನಂದು."

ಅವಳು ನನ್ನ ಮುಖವನ್ನು ಕಾರ್ಡು ನೋಡುವ ಹಾಗೆಯೇ ನಿಧಾನವಾಗಿ ನೋಡಿದಳು. ನಾನು ಕಾದೆ.

"ಒಳಗೆ ಹೇಳಿ" ಎಂದಳು.

"ಎಂತದು?"

"ಆವತ್ತು ಒಳಗೇ ಹೇಳಿದ್ರಲ್ಲ. ಎಲ್ಲಾ ಕೇಳ್ತಾ ಇದ್ರು."

ಒಳಗೆ ಹದಿಮೂರು ಮಕ್ಕಳು, ಪಕ್ಕದ ಕೋಣೆಯ ಬಾಗಿಲಲ್ಲಿ ಸುಭಾಷ ಸರ್. ಅಧಿಕಾರಿಗಳ ಮುಂದೆ, ಕಾರವಾರದ ಸಭೆಯ ಮುಂದೆ ಅಂಜದ ನನಗೆ ಅವತ್ತು ಆ ಹೊಸಿಲು ದಾಟಲು ಕಾಲು ಬರಲಿಲ್ಲ. ರೇವತಿ ನನಗಾಗಿ ನಿಲ್ಲಲಿಲ್ಲ. ಒಳಗೆ ಹೋಗಿ, ಚೇತನನನ್ನು ಸ್ವಲ್ಪ ಆಚೆ ಸರಿಸಿ ಅವನ ಪಕ್ಕದಲ್ಲಿ ಕುಳಿತು, ಕೈಕಟ್ಟಿ ನನ್ನನ್ನು ನೋಡಿದಳು.